ಪುಟ್ಟ ಮಕ್ಕಳೊಂದಿಗೆ ಏರ್ ಶೋ: ಮೊದಲು ಕಿವಿ, ಆಮೇಲೆ ವಿಮಾನ

ಅಪ್ಪನ ಹೆಗಲ ಮೇಲೆ ಮೂರು ವರ್ಷದ ಮಗು. ಯುದ್ಧವಿಮಾನ ಗುಡುಗಿದ್ದೇ ತಡ, ಮಗು ಬೆಚ್ಚಿಬಿದ್ದು ಅಪ್ಪನ ಕೂದಲು ಹಿಡಿದು ಕಿರುಚುತ್ತದೆ. ಅಪ್ಪನ ಎರಡೂ ಕೈ ಅದರ ಕಾಲು ಹಿಡಿದಿರುತ್ತವೆ, ಕಿವಿ ಮುಚ್ಚುವವರಿಲ್ಲ. ನಾನು ಹೋದ ಏರ್ ಶೋಗಳಲ್ಲೆಲ್ಲ ಇದನ್ನು ಕಂಡು ಸಂಕಟಪಟ್ಟಿದ್ದೇನೆ.

ಹಂತ 1: ಇಯರ್‌ಮಫ್, ಅಂದರೆ ಸದ್ದು ತಗ್ಗಿಸುವ ಕಿವಿಮುಚ್ಚಳ, ಕೊಳ್ಳಿ. ಕಿವಿಯನ್ನು ಪೂರ್ತಿ ಮುಚ್ಚುವ, ಮಕ್ಕಳ ಅಳತೆಯದೇ ಬೇಕು. ಎಷ್ಟು ಡೆಸಿಬೆಲ್ (ಸದ್ದಿನ ಅಳತೆ) ತಗ್ಗಿಸುತ್ತದೆಂದು ಪೊಟ್ಟಣದ ಮೇಲೆ ನಮೂದಿಸಿರಬೇಕು. 20ಕ್ಕಿಂತ ಕಡಿಮೆಯದನ್ನು ನಾನಂತೂ ಕೊಳ್ಳುವುದಿಲ್ಲ. ಹಾಡು ಕೇಳುವ ಹೆಡ್‌ಫೋನ್ ಇದಕ್ಕೆ ಆಗದು. ಹತ್ತಿ ತುರುಕುವುದು ಬರೀ ಸಮಾಧಾನಕ್ಕೆ. ಫೋಮ್ ಪ್ಲಗ್ ಪುಟ್ಟ ಕಿವಿಯಲ್ಲಿ ಸರಿಯಾಗಿ ಕೂರುವುದಿಲ್ಲ, ಜತೆಗೆ ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ.

ಇಷ್ಟು ಹಟವೇಕೆ ಅಂದರೆ, 85 ಡೆಸಿಬೆಲ್ ಸದ್ದನ್ನು ದೊಡ್ಡವರು ದಿನಕ್ಕೆ 8 ಗಂಟೆ ಕೇಳಬಹುದು ಎಂಬುದು ಚಾಲ್ತಿಯಲ್ಲಿರುವ ಒಂದು ಲೆಕ್ಕ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಹೊತ್ತಿಸಿ ಮೇಲೇರುವ ವಿಮಾನದ ಹತ್ತಿರ ಸದ್ದು 120 ದಾಟುತ್ತದೆ.

ಹಂತ 2: ಮನೆಯಲ್ಲೇ ರೂಢಿ ಮಾಡಿಸಿ. ಜನ ಎಡವುವುದು ಇಲ್ಲೇ. ಮಫ್ಪನ್ನು ಮೈದಾನದಲ್ಲಿ ಮೊದಲ ಬಾರಿ ಹೊರತೆಗೆದರೆ ಮಗು ಕಿತ್ತೆಸೆಯುತ್ತದೆ. ಒಂದು ವಾರ ಮೊದಲೇ ಶುರು ಮಾಡಿ. ಮೊದಲ ದಿನ ನೀವು ಹಾಕಿಕೊಂಡು ತೋರಿಸಿ, ಮರುದಿನ ಗೊಂಬೆಗೆ ಹಾಕಲಿ. ಆಮೇಲೆ ಮಿಕ್ಸಿ ತಿರುಗುವಷ್ಟು ಹೊತ್ತು ಮಗುವಿಗೆ. ಮಫ್ಪಿನ ಮೆತ್ತೆಯ ಸುತ್ತ ಬೆರಳಾಡಿಸಿ ನೋಡಿ: ಜಡೆಯ ಒಂದು ಎಳೆ, ಟೋಪಿಯ ಅಂಚು, ಕನ್ನಡಕದ ಕಡ್ಡಿ ಸಿಕ್ಕಿಕೊಂಡಿದ್ದರೂ ಆ ಸಂದಿಯಿಂದ ಸದ್ದು ನುಗ್ಗುತ್ತದೆ. ಟೋಪಿಯನ್ನು ಮಫ್ಪಿನ ಮೇಲೆ ಹಾಕಿ, ಕೆಳಗಲ್ಲ.

ಹಂತ 3: ಜಾಗ. ರನ್‌ವೇಯಿಂದ ದೂರ, ಶೌಚಾಲಯಕ್ಕೆ ಹತ್ತಿರ. ಮುಂದಿನ ಸಾಲಿನ ಆಸೆ ಬಿಡಿ, ವಿಮಾನ ಹಾರುವುದು ಆಕಾಶದಲ್ಲಿ. ಧ್ವನಿವರ್ಧಕದ ಕಂಬದ ಬುಡ ಬೇಡವೇ ಬೇಡ.

ಹಂತ 4: ಸದ್ದಿಗೆ ಮೊದಲೇ ಹಾಕಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ವೇಗದ ಜೆಟ್ ಎದುರಿನಿಂದ ಬರುವಾಗ ಹೆಚ್ಚುಕಡಿಮೆ ನಿಶ್ಶಬ್ದ. ತಲೆಯ ಮೇಲೆ ಬಂದ ಮೇಲೆ ಒಮ್ಮೆಲೇ ಅಪ್ಪಳಿಸುತ್ತದೆ. ಸದ್ದು ಕೇಳಿ ಚೀಲ ತಡಕಾಡಿದರೆ ಕೆಟ್ಟಿತು. ಜೆಟ್ ಸರದಿ ಎಂದು ಘೋಷಿಸಿದ ಕೂಡಲೇ ಹಾಕಿ, ಸರದಿ ಮುಗಿಯುವವರೆಗೆ ತೆಗೆಯಬೇಡಿ. ಆಗ ಮಗು ಹೆಗಲ ಮೇಲಲ್ಲ, ಮಡಿಲಲ್ಲಿರಲಿ. ಎದೆ ನಡುಗಿಸುವ ಆ ಕಂಪನವನ್ನು ಯಾವ ಮಫ್ಪೂ ತಡೆಯದು; ಅದಕ್ಕೆ ನಿಮ್ಮ ಅಪ್ಪುಗೆಯೇ ಬೇಕು.

ನೀರು, ಕೊಡೆ, ಇನ್ನೊಂದು ಜತೆ ಬಟ್ಟೆ, ಮಗುವಿನ ಮಣಿಕಟ್ಟಿಗೆ ನಿಮ್ಮ ಫೋನ್ ನಂಬರ್ ಇದ್ದರೆ ಸಾಕು. ವರ್ಷ ತುಂಬದ ಕೂಸನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಹಂತ 5: ಬೇಗ ಹೊರಡಿ. ಎರಡು ಗಂಟೆ ಸಾಕು. ಅಂದು ರಾತ್ರಿ ಮಗು "ಕಿವಿಯಲ್ಲಿ ಗುಂಯ್ ಅನ್ನುತ್ತೆ" ಎಂದು ಹೇಳಿದರೆ, ಕರೆದಾಗ ತಿರುಗಿ ನೋಡದಿದ್ದರೆ, ಮರುದಿನವೇ ಕಿವಿ ವೈದ್ಯರಿಗೆ ತೋರಿಸಿ.