ಏರಿಯಾ ಬೇಕರೀಲಿ ಖಾರ ಬನ್ನು, ಕಾಫಿ: ಯಾವಾಗ ಹೋಗ್ಬೇಕು, ಏನ್ ಕೇಳ್ಬೇಕು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮನೆ ಹತ್ರ ಒಂದು ಅಯ್ಯಂಗಾರ್ ಬೇಕರಿ ಇದೆ, ಪಕ್ಕದ ಮಳಿಗೇಲಿ ಅವರದ್ದೇ ಕಾಫಿ ಅಂಗಡಿ, ಮಧ್ಯದ ಗೋಡೇಲಿ ಒಂದು ಕಿಂಡಿ, ಬನ್ನು ಆ ಕಡೆಯಿಂದ ಈ ಕಡೆಗೆ ಬರೋದು ಅದ್ರಲ್ಲೇ. ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕ್ಕೊಂಡು ಬಂದು ಅಲ್ಲಿ ನಿಂತ್ಕೊಂಡ್ರೆ ನಂಗೆ ಸಂಜೆ ಶುರುವಾದ ಹಾಗೆ. ಊರಿಗೆ ಹೊಸದಾಗಿ ಬಂದವ್ರು ಬೇಕರೀಲಿ ಕೇಳೋದು "ಇಲ್ಲಿ ಏನ್ ಚೆನ್ನಾಗಿರತ್ತೆ?" ಅಂತ. ಅದರ ಬದ್ಲು "ಅಣ್ಣ, ಖಾರ ಬನ್ ಟ್ರೇ ಎಷ್ಟೊತ್ತಿಗೆ ಆಚೆ ಬರತ್ತೆ?" ಅಂತ ಕೇಳಿ ನೋಡಿ. ಬೇಕರಿ ತಿಂಡಿಗೆ ರುಚಿ ಬರೋದೇ ಹೊತ್ತಿಂದ, ಹತ್ತು ಗಂಟೆಗೆ ಅಷ್ಟು ಚೆನ್ನಾಗಿದ್ದ ಪಫ್ಸ್ ಸಂಜೆ ಆರಕ್ಕೆ ರಟ್ಟು ಥರ ಆಗಿರತ್ತೆ.

ಒಂದೊಂದು ಬೇಕರಿ ಟೈಮ್ ಒಂದೊಂದು ಥರ, ಆದ್ರಿಂದ ಎರಡು ಮೂರು ದಿನ ಬೇರೆ ಬೇರೆ ಹೊತ್ತಲ್ಲಿ ಹೋಗಿ ನೋಡ್ಕೊಳ್ಳಿ. ಖಾರ ಬನ್ ತಗೊಂಡ್ರೆ ಮೊದ್ಲು ತಿರುಗಿಸಿ ತಳ ನೋಡಿ, ಒಂದೇ ಸಮ ಕಂದು ಬಣ್ಣ ಇರ್ಬೇಕು, ಬೆಳ್ಳಗಿದ್ರೆ ಒಳಗೆ ಹಸಿ. ಪಕ್ಕ ಮೆತ್ತಗೆ ಒತ್ತಿದ್ರೆ ವಾಪಸ್ ಉಬ್ಬಬೇಕು. ಮುರಿದಾಗ ಸಬ್ಬಸಿಗೆ ಸೊಪ್ಪಿನ ಘಮ, ಹುರಿದ ಈರುಳ್ಳಿ, ಅಲ್ಲಲ್ಲಿ ಹಸಿಮೆಣಸಿನಕಾಯಿ ಚೂರು, ಅದರ ಮೇಲೆ ಬೆಣ್ಣೆ ಸವರಿಸ್ಕೊಂಡ್ರೆ ಬೇರೆ ಏನೂ ಬೇಡ. ಬ್ರೆಡ್ ಮಾತ್ರ ಬಿಸಿಬಿಸಿ ಸ್ಲೈಸ್ ಮಾಡ್ಸ್ಬೇಡಿ, ಒಳಗಿನ ಹಬೆ ಆರೋ ತನಕ ಅದು ಅಂಟಂಟಾಗೇ ಇರತ್ತೆ, ಚಾಕು ಹಾಕಿದ್ರೆ ಮುದ್ದೆ ಆಗತ್ತೆ, ಒಂದು ಗಂಟೆ ಬಿಟ್ಟು ಹೋಗಿ. ಇನ್ನು ಮೊಟ್ಟೆ ತಿನ್ನದವ್ರು ಬೋರ್ಡ್ ನೋಡಿ ನಂಬ್ಬೇಡಿ, ಅಯ್ಯಂಗಾರ್ ಬೇಕರಿ ಅಂದ್ರೆ ಮೊಟ್ಟೆ ಇಲ್ಲ ಅನ್ನೋ ಮಾತು ಹಳೇದು, ಈಗ ಅದೇ ಬೋರ್ಡ್ ಕೆಳಗೆ ಎಗ್ ಪಫ್ ಇಡೋರೂ ಇದ್ದಾರೆ, ಕೇಕ್ ತಗೊಳ್ಳೋವಾಗ ಬಾಯಿಬಿಟ್ಟು ಕೇಳಿ.

ಈಗ ಕಾಫಿ ಕಡೆ ಬನ್ನಿ. ಡಿಕಾಕ್ಷನ್ ಯಾವಾಗ ಹಾಕಿದ್ದು ಅನ್ನೋದೇ ಇಲ್ಲಿ ಮುಖ್ಯ. ಒಂದ್ಸಲ ಬೇರೆ ಕಡೆ ಮಧ್ಯಾಹ್ನ ಮೂರಕ್ಕೆ ಕುಡಿದೆ, ಬೆಳಗ್ಗಿನ ಡಿಕಾಕ್ಷನ್ನೇ ಒಲೆ ಮೇಲಿಟ್ಟು ಮತ್ತೆ ಮತ್ತೆ ಕುದಿಸಿದ್ರು, ಆ ಕಹಿ ರಾತ್ರಿ ಊಟದ ತನಕ ಬಾಯಲ್ಲೇ ಇತ್ತು. ನಮ್ಮ ಅಂಗಡಿಯವ್ರು ಹೊಸ ಫಿಲ್ಟರ್ ಇಳಿಯೋ ತನಕ "ಹತ್ತು ನಿಮಿಷ ಕೂತ್ಕೊಳ್ಳಿ ಸರ್" ಅಂತಾರೆ, ಹಂಗೆ ಕೂರಿಸೋ ಅಂಗಡಿ ಸಿಕ್ಕಿದ್ರೆ ಬಿಡ್ಬೇಡಿ. ಸಕ್ಕರೆ ಕಮ್ಮಿ ಬೇಕಂದ್ರೆ ಟೋಕನ್ ಕೊಡೋವಾಗ್ಲೇ ಹೇಳಿ, ಸುಮಾರು ಕಡೆ ಲೋಟಕ್ಕೆ ಮೊದ್ಲು ಬೀಳೋದೇ ಸಕ್ಕರೆ. ಖಾರ ಬನ್ ಜೊತೆಗೆ ಸ್ಟ್ರಾಂಗ್ ಹೇಳಿ, ಸಿಹಿ ಬನ್ನು, ದಿಲ್ ಪಸಂದ್ ತಗೊಂಡಿದ್ರೆ ಸಕ್ಕರೆ ಇಲ್ದೆ ಕುಡಿದು ನೋಡಿ. ಇಬ್ರು ಇದ್ರೆ ಬೈಟು ಸಾಕು, ಆರೋಕೆ ಮುಂಚೆ ಮುಗಿಯತ್ತೆ, ಬೇಕಾದ್ರೆ ಇನ್ನೊಂದು ಬೈಟು.

ಅದೇ ರುಚಿ ಮನೇಲೂ ಬೇಕಂದ್ರೆ ಅವರು ಯಾವ ಪುಡಿ ಹಾಕ್ತಾರೆ, ಚಿಕೋರಿ ಎಷ್ಟು ಅಂತ ಕೇಳಿ. ಪ್ಯಾಕೆಟ್ ಪುಡಿ ಆದ್ರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಪರ್ಸೆಂಟ್ ಅಂತ ಮೇಲೇ ಪ್ರಿಂಟ್ ಮಾಡಿರ್ಬೇಕು, ಕಾನೂನಿನ ಪ್ರಕಾರ ಚಿಕೋರಿ 49 ಪರ್ಸೆಂಟ್ ದಾಟೋ ಹಾಗಿಲ್ಲ. ಚಿಕೋರಿ ಬಣ್ಣ, ಮಂದ ಕೊಡತ್ತೆ, ಅದ್ರಲ್ಲಿ ಕೆಫೀನ್ ಇರಲ್ಲ. ನನ್ನ ಲೆಕ್ಕ 80:20, ಅದಕ್ಕಿಂತ ಚಿಕೋರಿ ಜಾಸ್ತಿ ಆದ್ರೆ ಕಾಫಿ ಘಮ ಮುಚ್ಚಿ ಹೋಗತ್ತೆ. ಪುಡಿ ಮಾಡಿಕೊಡೋ ಅಂಗಡೀಲಿ ಕಣ್ಣೆದುರೇ ಮಾಡಿಸಿ ಕಾಲು ಕೆಜಿ ಅಷ್ಟೇ ತನ್ನಿ, ಮುಗಿದ ಮೇಲೆ ಮತ್ತೆ. ಫಿಲ್ಟರ್ ಮೇಲಿನ ಡಬ್ಬಿಗೆ ಮೂರು ದೊಡ್ಡ ಚಮಚ ಪುಡಿ ಹಾಕಿ ಬಿಲ್ಲೆ ಇಟ್ಟು ಹಗುರಾಗಿ ಅದುಮಿ, ಕುದಿ ಬಂದು ಇಳಿಸಿದ ನೀರು ಸುರಿದು ಮುಚ್ಚಿ, ಇಪ್ಪತ್ತು ನಿಮಿಷ ಅದರ ಪಾಡಿಗೆ ಬಿಡಿ. ಜೋರಾಗಿ ಅದುಮಿದ್ರೆ ನೀರು ಇಳಿಯಲ್ಲ, ಸಡಿಲ ಬಿಟ್ರೆ ಕಾಫಿ ನೀರು ನೀರು. ಡಿಕಾಕ್ಷನ್ ಕುದಿಸ್ಬೇಡಿ, ಬಿಸಿ ಬೇಕಾಗಿರೋದು ಹಾಲು.

ಉಳಿದ ಬನ್ನು, ಬ್ರೆಡ್ಡು ಫ್ರಿಜ್ಜಲ್ಲಿ ಮಾತ್ರ ಇಡ್ಬೇಡಿ, ಹೊರಗಿಗಿಂತ ಅಲ್ಲೇ ಬೇಗ ಗಟ್ಟಿ ಆಗೋದು. ಡಬ್ಬೀಲಿ ಮುಚ್ಚಿಟ್ಟು ಮಾರನೇ ದಿನದೊಳಗೆ ಮುಗಿಸಿ. ಬಿಸಿ ಮಾಡೋಕೆ ಬನ್ ಎರಡು ಹೋಳು ಮಾಡಿ ತವಾ ಮೇಲೆ ಬೆಣ್ಣೆ ಹಚ್ಚಿ ಕವುಚಿ ಹಾಕಿ, ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ಒಂದು ನಿಮಿಷ ಮುಚ್ಚಿಡಿ. ಪಫ್ಸಿಗೆ ನೀರೂ ಬೇಡ ಮುಚ್ಚೋದೂ ಬೇಡ, ಸಣ್ಣ ಉರೀಲಿ ಒಣ ತವಾ ಸಾಕು. ಪಾರ್ಸಲ್ ತರೋವಾಗ್ಲೂ ಅಷ್ಟೇ, ಪಫ್ಸ್ ಬಿಸಿ ಇದ್ರೆ ಪೇಪರ್ ಕವರಿಗೆ ಹಾಕಿಸ್ಕೊಂಡು ಬಾಯಿ ಬಿಚ್ಚೇ ಇಟ್ಕೊಂಡು ಬನ್ನಿ.