ಕಳೆ ಕತ್ತರಿಸುವ ಯಂತ್ರಕ್ಕೆ ಬ್ಲೇಡು ಆರಿಸಿ ಹಾಕಿದ ನನ್ನ ಅನುಭವ

ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂಕಟ ಕಣ್ಣಾರೆ ಕಂಡ ಊರು ನಮ್ಮದು. ಕಾಸರಗೋಡಿನ ಎಣ್ಮಕಜೆಯಲ್ಲಿ ಹುಟ್ಟಿ ಬೆಳೆದ ನನಗೆ ಕಳೆನಾಶಕದ ಕ್ಯಾನನ್ನು ಅಂಗಳಕ್ಕೆ ತರುವ ಮನಸ್ಸು ಇವತ್ತಿಗೂ ಬಂದಿಲ್ಲ. ಹಾಗಾಗಿ ಅಡಿಕೆ ತೋಟದ ಹುಲ್ಲನ್ನೆಲ್ಲ ಹೆಗಲಿಗೆ ನೇತುಹಾಕುವ ಯಂತ್ರದಲ್ಲೇ ಕತ್ತರಿಸುತ್ತೇನೆ. ಮಳೆ ಹಿಡಿದ ಮೇಲೆ ಒಮ್ಮೆ, ಹಣ್ಣಡಿಕೆ ಉದುರತೊಡಗುವ ಮೊದಲು ಇನ್ನೊಮ್ಮೆ.

ಕಳೆದ ವರ್ಷ ಹಳೆಯ ಮೂರು ಹಲ್ಲಿನ ಬ್ಲೇಡು ಮುರಕಲ್ಲಿಗೆ (ಜಂಬಿಟ್ಟಿಗೆ ಕಲ್ಲಿಗೆ) ಬಡಿದು, ಒಂದು ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ವೆಲ್ಡಿಂಗ್ ಮಾಡಿಸಿದರೆ ಸಾಕು ಎಂದವರಿದ್ದರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಕ್ಕು ತುಂಡಾಗಿ ಹಾರಿದರೆ ಕಾಲು ಉಳಿದೀತೇ? ಗುಜರಿಗೆ ಹಾಕಿದೆ.

ಪೇಟೆಯ ಅಂಗಡಿಯೊಂದರಲ್ಲಿ ‘ಎಲ್ಲ ಯಂತ್ರಕ್ಕೂ ಆಗುತ್ತದೆ’ ಎಂದು ಕೊಟ್ಟದ್ದನ್ನು ಅಳೆಯದೆ ತಂದೆ. ವೇಗ ಕೊಟ್ಟ ಕೂಡಲೇ ಹಿಡಿಕೆ ನಡುಗಿತು. ಕಾಲು ಗಂಟೆಯಲ್ಲಿ ಬೆರಳುಗಳಿಗೆ ಜೋಮು ಹಿಡಿಯಿತು. ಬಿಚ್ಚಿ ಸ್ಕೇಲು ಇಟ್ಟು ನೋಡಿದರೆ ಬ್ಲೇಡಿನ ನಡುವಿನ ತೂತು 25.4 ಮಿಲಿಮೀಟರ್, ಅಂದರೆ ಒಂದು ಇಂಚು. ನನ್ನ ಯಂತ್ರದ ಒಳವಾಷರಿನ, ಅಂದರೆ ಬ್ಲೇಡಿನ ಒಳಬದಿಗೆ ಕೂರುವ ಬಿಲ್ಲೆಯ, ಮೇಲೆ ಎದ್ದು ನಿಂತ ಉಂಗುರ 20 ಮಿಲಿಮೀಟರ್. ಬ್ಲೇಡನ್ನು ನಟ್ಟನಡುವೆ ಕೂರಿಸುವುದು ಆ ಉಂಗುರವೇ. ತೂತು ದೊಡ್ಡದಾದರೆ ನಟ್ಟು ಎಷ್ಟು ಬಿಗಿದರೂ ಬ್ಲೇಡು ಒಂದು ಬದಿಗೆ ಸರಿದಿರುತ್ತದೆ. ಈಗ ಅಂಗಡಿಗೆ ಹೋಗುವಾಗ ವಾಷರನ್ನೇ ಕಿಸೆಯಲ್ಲಿ ಹಾಕಿಕೊಂಡು ಹೋಗುತ್ತೇನೆ. ತೂತಿನೊಳಗೆ ಅದು ಅಲುಗಾಡದೆ ಕೂತರೆ ಮಾತ್ರ ದುಡ್ಡು. ಬ್ಲೇಡಿನ ಮೇಲೆ ಅಚ್ಚಾದ ಗರಿಷ್ಠ ಸುತ್ತುಗಳ ಸಂಖ್ಯೆಯನ್ನೂ ನೋಡುತ್ತೇನೆ. ಅದು ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು.

ಹುಲ್ಲಿಗೂ ನಾಚಿಕೆಮುಳ್ಳಿಗೂ ಮೂರು ಹಲ್ಲಿನದು ಸಾಕು. ಎರಡೂ ಅಂಚಿಗೆ ಹರಿತವಿರುವುದನ್ನು ಆರಿಸಿದರೆ ಒಂದು ಬದಿ ಮೊಂಡಾದಾಗ ಮಗುಚಿ ಹಾಕಬಹುದು. ಗುಡ್ಡೆಯಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಪೊದೆಕಳೆ ಬಲಿತು ಕಟ್ಟಿಗೆಯಾಗಿದ್ದರೆ ಎಂಬತ್ತು ಹಲ್ಲಿನ ದುಂಡು ಬ್ಲೇಡು ಬೇಕು. ಹಲ್ಲಿಗೆ ಗಟ್ಟಿ ಲೋಹದ ತುದಿ ಬೆಸೆದದ್ದು ನಮ್ಮ ಮುರಕಲ್ಲಿನ ನೆಲಕ್ಕೆ ಬೇಡವೇ ಬೇಡ, ಕಲ್ಲಿಗೆ ತಾಗಿದರೆ ತುದಿ ಕಳಚಿ ಸಿಡಿಯುತ್ತದೆ. ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ, ನೀರಿನ ಪೈಪಿನ ಹತ್ತಿರ ಯಾವ ಬ್ಲೇಡನ್ನೂ ಒಯ್ಯುವುದಿಲ್ಲ. ಬ್ಲೇಡಿನ ಬದಲು ಹಾಕುವ ನೈಲಾನ್ ದಾರವೂ ಎಳೆಯ ಬಳ್ಳಿಯ ಸಿಪ್ಪೆ ಸುಲಿಯುತ್ತದೆ. ಅಲ್ಲಿ ಕತ್ತಿಯೇ ಸರಿ.

ಹಾಕುವ ಕೆಲಸಕ್ಕೆ ಹತ್ತು ನಿಮಿಷ. ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡುತ್ತೇನೆ, ಕೈಗೆ ದಪ್ಪ ಗ್ಲೌಸು. ಬ್ಲೇಡು ಕೂರುವ ತುದಿಯ ಗೇರ್ ಪೆಟ್ಟಿಗೆಯ ತೂತೂ ಒಳವಾಷರಿನ ತೂತೂ ಒಂದೇ ನೇರಕ್ಕೆ ಬಂದಾಗ ಕಬ್ಬಿಣದ ಕಡ್ಡಿ ತೂರಿಸಿದರೆ ತಿರುಗುವುದು ನಿಲ್ಲುತ್ತದೆ. ಮೊದಲ ಸಲ ನಟ್ಟು ಬಿಚ್ಚಲು ಎಡಕ್ಕೆ ಮೈಭಾರವೆಲ್ಲ ಹಾಕಿ ಒತ್ತಿದೆ. ಅಡಿಕೆ ಹೆಕ್ಕುತ್ತಿದ್ದ ಪಕ್ಕದ ಮನೆಯ ಹುಡುಗ, ‘ಭಾವ, ಬಲಕ್ಕೆ ತಿರುಗಿಸಿ, ಇದರ ಥ್ರೆಡ್ಡು ಉಲ್ಟಾ’ ಎಂದ. ಒಂದೇ ತಿರುವಿಗೆ ಸಡಿಲವಾಯಿತು. ಬಿಗಿಯುವುದು ಎಡಕ್ಕೆ.

ಒಳವಾಷರು, ಬ್ಲೇಡು, ಹೊರವಾಷರು, ಬಟ್ಟಲು, ಕೊನೆಗೆ ನಟ್ಟು. ವಾಷರುಗಳ ನಡುವೆ ಒಣಗಿದ ಹುಲ್ಲಿನ ಚೂರು ಉಳಿದರೂ ಬ್ಲೇಡು ವಾರೆಯಾಗುತ್ತದೆ, ಹಳೆ ಬಟ್ಟೆಯಲ್ಲಿ ಒರೆಸಿಯೇ ಕೂರಿಸುತ್ತೇನೆ. ಅರದಲ್ಲಿ ಹರಿತ ಮಾಡಿದ ಬ್ಲೇಡಾದರೆ ಗೋಡೆಯ ಮೊಳೆಗೆ ನೇತುಹಾಕಿ ಎರಡು ಮೂರು ಸಲ ತಿರುಗಿಸಿ ಬಿಡುತ್ತೇನೆ. ಪ್ರತಿ ಸಲವೂ ಅದೇ ಹಲ್ಲು ಕೆಳಗೆ ಬಂದರೆ ಅದಕ್ಕೆ ಇನ್ನೂ ನಾಲ್ಕು ಉಜ್ಜು.

ಅರ್ಧ ಗಂಟೆ ಕತ್ತರಿಸಿದ ಮೇಲೆ ಯಂತ್ರ ನಿಲ್ಲಿಸಿ ನಟ್ಟನ್ನು ಮತ್ತೊಮ್ಮೆ ಬಿಗಿಯುತ್ತೇನೆ. ಬೆರಳಲ್ಲೇ ಸಲೀಸಾಗಿ ತಿರುಗುವಷ್ಟು ಸವೆದ ನಟ್ಟನ್ನು ಮತ್ತೆ ಹಾಕುವುದಿಲ್ಲ. ಹೊಸದೊಂದು ಯಾವಾಗಲೂ ಡಬ್ಬಿಯಲ್ಲಿರುತ್ತದೆ.