ಒಂದು ಸಾಲಿನ ಉತ್ತರಕ್ಕೆ ಏಳು ತಿಂಗಳು: ನಿರಾಶ್ರಿತರ ಅಂಕಿಅಂಶ ಹುಡುಕಿದ ನನ್ನ ಅನುಭವ

ಮೈಸೂರಿನಲ್ಲಿ ಸಮಾಜಕಾರ್ಯ ಓದುವ ವಿದ್ಯಾರ್ಥಿಗಳಿಗಾಗಿ ನಾವು ಕೆಲವರು ಸೇರಿ ಒಂದು ಕ್ಷೇತ್ರಾಧ್ಯಯನ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದಾಗ, ವಲಸೆ ಮತ್ತು ನಿರಾಶ್ರಿತರ ಅಧ್ಯಾಯದ ಅಂಕಿಅಂಶಗಳ ಹೊಣೆ ನನ್ನ ಪಾಲಿಗೆ ಬಂತು. ಕರ್ನಾಟಕದಲ್ಲಿ ಎಷ್ಟು ಮಂದಿ ನಿರಾಶ್ರಿತರಿದ್ದಾರೆ ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರೆದರೆ ಅಧ್ಯಾಯದ ಮೊದಲ ಪುಟ ಮುಗಿಯುತ್ತದೆ ಎಂದು ತಿಳಿದು ಕೆಲಸಕ್ಕೆ ಕುಳಿತವಳಿಗೆ ಆ ಸಾಲನ್ನು ಬರೆಯಲು ಏಳು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ಕಲಿತದ್ದನ್ನು, ಇದೇ ಹಾದಿಯಲ್ಲಿ ಹುಡುಕಾಟ ನಡೆಸುವ ಪತ್ರಕರ್ತರಿಗೂ ವಿದ್ಯಾರ್ಥಿಗಳಿಗೂ ನೆರವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೊಡಕು ಸಂಖ್ಯೆಯದಲ್ಲ, ಪದದ್ದು. ಕನ್ನಡದಲ್ಲಿ ‘ನಿರಾಶ್ರಿತ’ ಎಂಬ ಒಂದೇ ಮಾತು ಗಡಿ ದಾಟಿ ಬಂದವರಿಗೂ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೂ, ಬೀದಿಯಲ್ಲಿ ಭಿಕ್ಷೆ ಬೇಡುವವರಿಗೂ ಬಳಕೆಯಾಗುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಭಿಕ್ಷುಕರ ಪುನರ್ವಸತಿ ಸಂಸ್ಥೆಯ ಅಧಿಕೃತ ಹೆಸರೇ ‘ನಿರಾಶ್ರಿತರ ಪರಿಹಾರ ಕೇಂದ್ರ’. ಆಲಮಟ್ಟಿ ಹಿನ್ನೀರಿನಲ್ಲಿ ಊರು ಮುಳುಗಿದವರು ‘ಸಂತ್ರಸ್ತರು’, ರಾಯಚೂರು, ಯಾದಗಿರಿ ಕಡೆಯಿಂದ ಬೇಸಿಗೆಯಲ್ಲಿ ಕೂಲಿಗೆ ಹೊರಡುವವರು ‘ಗುಳೆ’ ಹೋದವರು. ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಹುಡುಕಿದಾಗ ನನಗೆ ಸಿಕ್ಕ ಸಂಖ್ಯೆಗಳಲ್ಲಿ ಈ ಎಲ್ಲ ಬಗೆಯವರೂ ಕಲಸಿಹೋಗಿದ್ದರು. ಹಾಗಾಗಿ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ನಾನು ಎಣಿಸಬೇಕಾದವರು ಯಾರು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಂಡೆ: ಬೇರೆ ದೇಶದಿಂದ ಕಿರುಕುಳಕ್ಕೋ ಯುದ್ಧಕ್ಕೋ ಅಂಜಿ ಬಂದು, ಭಾರತದ ಪೌರತ್ವವಿಲ್ಲದೆ ಇಲ್ಲಿ ನೆಲೆಸಿರುವವರು. ಈ ವಾಕ್ಯವನ್ನು ಮುಂದೆ ಎರಡು ಬಾರಿ ತಿದ್ದಬೇಕಾಯಿತು.

ನನ್ನ ಮೊದಲ ಕರಡಿನಲ್ಲೇ ದೊಡ್ಡ ತಪ್ಪೊಂದು ನುಸುಳಿತ್ತು. ‘ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ನಿರಾಶ್ರಿತರಿದ್ದಾರೆ’ ಎಂದು ಬರೆದಿದ್ದೆ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ, ಅಂದರೆ ಯುಎನ್‌ಎಚ್‌ಸಿಆರ್, ಪ್ರತಿ ವರ್ಷ ಜೂನ್ ತಿಂಗಳಲ್ಲಿ ಪ್ರಕಟಿಸುವ ಜಾಗತಿಕ ವರದಿಯಲ್ಲಿ 2024ರ ಕೊನೆಗೆ 12.32 ಕೋಟಿ ಎಂಬ ಸಂಖ್ಯೆ ಇರುವುದೇನೋ ನಿಜ. ಆದರೆ ಅದು ಬಲವಂತವಾಗಿ ನೆಲೆ ತಪ್ಪಿದ ಎಲ್ಲರ ಮೊತ್ತ. ಅದರಲ್ಲಿ 7.35 ಕೋಟಿ ಜನ ತಮ್ಮ ದೇಶದ ಗಡಿಯನ್ನು ದಾಟಿಯೇ ಇಲ್ಲ, ನಿರಾಶ್ರಿತರು 4.27 ಕೋಟಿ, ಮತ್ತು ಅವರೊಳಗೂ ಸುಮಾರು 60 ಲಕ್ಷ ಪ್ಯಾಲೆಸ್ತೀನಿಯರನ್ನು ಎಣಿಸುವುದು ಇನ್ನೊಂದು ಸಂಸ್ಥೆ. ನಾನು ವರದಿಯ ಮುಖಪುಟವನ್ನಷ್ಟೇ ನೋಡಿ, ಒಳಗಿನ ವ್ಯಾಖ್ಯೆಗಳ ಪುಟವನ್ನು ಬಿಟ್ಟಿದ್ದೆ. ಅಂದಿನಿಂದ ಯಾವ ವರದಿಯನ್ನು ತೆರೆದರೂ ಹಿಂದಿನಿಂದ ಓದುವುದನ್ನು ರೂಢಿಸಿಕೊಂಡೆ: ಮೊದಲು ಅಡಿಟಿಪ್ಪಣಿ, ಆಮೇಲೆ ವ್ಯಾಖ್ಯೆ, ಕೊನೆಗೆ ಕೋಷ್ಟಕ. ಮಿಲಿಯನ್‌ಗಳನ್ನು ಲಕ್ಷ, ಕೋಟಿಗಳಿಗೆ ಬದಲಿಸುವಾಗ ಒಂದು ಸೊನ್ನೆ ಹೆಚ್ಚುಕಡಿಮೆಯಾಗುವುದು ನಮ್ಮ ಪತ್ರಿಕೆಗಳಲ್ಲಿ ಅಪರೂಪವಲ್ಲವಾದ್ದರಿಂದ, ಮೂಲ ಸಂಖ್ಯೆಯನ್ನೂ ಪಕ್ಕದಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಭಾರತಕ್ಕೆ ಬಂದರೆ ಕೆಲಸ ಇನ್ನಷ್ಟು ಸೂಕ್ಷ್ಮವಾಗುತ್ತದೆ. 1951ರ ನಿರಾಶ್ರಿತರ ಒಡಂಬಡಿಕೆಗಾಗಲಿ 1967ರ ಅದರ ಪೂರಕ ಒಪ್ಪಂದಕ್ಕಾಗಲಿ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕವಾದ ಕಾನೂನೂ ನಮ್ಮಲ್ಲಿಲ್ಲ. ಆದ್ದರಿಂದ ಯಾರು ಯಾರನ್ನು ಎಣಿಸುತ್ತಾರೆ ಎಂಬುದು ಬಂದವರ ಮೂಲ ದೇಶವನ್ನು ಅವಲಂಬಿಸುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್ ಮೊದಲಾದ ಕಡೆಗಳಿಂದ ಬಂದವರನ್ನು ಯುಎನ್‌ಎಚ್‌ಸಿಆರ್ ನೋಂದಾಯಿಸಿಕೊಳ್ಳುತ್ತದೆ. ಟಿಬೆಟನ್ನರನ್ನೂ ಶ್ರೀಲಂಕಾದ ತಮಿಳರನ್ನೂ ನೇರವಾಗಿ ನೋಡಿಕೊಳ್ಳುವುದು ಭಾರತ ಸರ್ಕಾರ. ಇದರಿಂದ ನಾನು ಕಲಿತ ಬಹುಮುಖ್ಯ ಪಾಠವೆಂದರೆ, ಟಿಬೆಟನ್ನರ ಬಗ್ಗೆ ಯುಎನ್‌ಎಚ್‌ಸಿಆರ್ ಕೊಡುವ ಸಂಖ್ಯೆಯೂ ಗೃಹ ಸಚಿವಾಲಯ ಕೊಡುವ ಸಂಖ್ಯೆಯೂ ಹೊಂದಿಕೆಯಾದರೆ ಎರಡು ಮೂಲಗಳು ಅದನ್ನು ದೃಢಪಡಿಸಿದವು ಎಂದು ತಿಳಿಯಬಾರದು, ಏಕೆಂದರೆ ಮೊದಲನೆಯದು ಎರಡನೆಯದನ್ನೇ ಎತ್ತಿಕೊಂಡಿರುತ್ತದೆ. ಒಂದು ಅಂಕಿ ಹತ್ತು ಕಡೆ ಅಚ್ಚಾಗಿದ್ದರೂ ಅದನ್ನು ಎಣಿಸಿದ ಕೈ ಒಂದೇ ಆಗಿರಬಹುದು.

ಗೃಹ ಸಚಿವಾಲಯದ ವಾರ್ಷಿಕ ವರದಿಗಳನ್ನು ವರ್ಷಾನುಕ್ರಮವಾಗಿ ಜೋಡಿಸಿ ಓದಿದಾಗ ಒಂದು ದೊಡ್ಡ ಇಳಿತ ಕಣ್ಣಿಗೆ ಬಿತ್ತು. 2008ರ ಫೆಬ್ರುವರಿಗೆ ದೇಶದಲ್ಲಿ ಸುಮಾರು 1.1 ಲಕ್ಷ ಟಿಬೆಟನ್ ನಿರಾಶ್ರಿತರಿದ್ದರು, ಅವರಲ್ಲಿ 44 ಸಾವಿರಕ್ಕೂ ಹೆಚ್ಚು ಮಂದಿ ಕರ್ನಾಟಕದಲ್ಲಿದ್ದರು. ಹತ್ತು ಹನ್ನೆರಡು ವರ್ಷಗಳ ಅನಂತರದ ವರದಿಗಳಲ್ಲಿ ದೇಶದ ಮೊತ್ತ ಸುಮಾರು 73 ಸಾವಿರಕ್ಕೆ, ಕರ್ನಾಟಕದ್ದು 21 ಸಾವಿರದ ಆಸುಪಾಸಿಗೆ ಇಳಿದಿತ್ತು. ಇದರ ನಡುವೆ, ಧರ್ಮಶಾಲೆಯಲ್ಲಿರುವ, ಟಿಬೆಟನ್ನರದೇ ದೇಶಭ್ರಷ್ಟ ಆಡಳಿತವಾದ ಕೇಂದ್ರೀಯ ಟಿಬೆಟನ್ ಆಡಳಿತವು 2009ರಲ್ಲಿ ನಡೆಸಿದ ಜನಸಂಖ್ಯಾ ಸಮೀಕ್ಷೆಯಲ್ಲಿ ಭಾರತದ ಟಿಬೆಟನ್ನರು 94,203. ಒಂದು ವರ್ಷದ ಅಂತರದಲ್ಲಿ ಸರ್ಕಾರದ ಲೆಕ್ಕಕ್ಕೂ ಸಮುದಾಯದ್ದೇ ಲೆಕ್ಕಕ್ಕೂ ಹದಿನಾರು ಸಾವಿರದಷ್ಟು ವ್ಯತ್ಯಾಸ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಯಾರು ಏನನ್ನು ಎಣಿಸುತ್ತಿದ್ದಾರೆ ಎಂದು ಕೇಳಿಕೊಂಡು ನಾನು ಬೈಲುಕುಪ್ಪೆಗೆ ಹೊರಟೆ.

ಬೈಲುಕುಪ್ಪೆ ನಮಗೇನೂ ದೂರವಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಆ ನೆಲವನ್ನು ಅಂದಿನ ಮೈಸೂರು ರಾಜ್ಯ ಟಿಬೆಟನ್ನರಿಗೆ ಕೊಟ್ಟಿತು. ಅನಂತರ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯಗಳಲ್ಲೂ ವಸತಿಗಳು ಎದ್ದವು. ಒಂದು ಮನೆಯಲ್ಲಿ ನನಗೆ ಮೂರು ತಲೆಮಾರಿನವರು ಸಿಕ್ಕರು. ಅಜ್ಜಿಯನ್ನು ಎಲ್ಲರಂತೆ ನಾನೂ ‘ಅಮಲಾ’ ಎಂದೇ ಕರೆದೆ. ಅವರು ಟಿಬೆಟ್‌ನಲ್ಲಿ ಹುಟ್ಟಿ, ಹಿಮಾಚಲದಲ್ಲಿ ರಸ್ತೆಗೆ ಕಲ್ಲು ಹೊತ್ತು, ಆಮೇಲೆ ಇಲ್ಲಿಗೆ ಬಂದವರು. ಮಗ ಹುಟ್ಟಿದ್ದು 1975ರಲ್ಲಿ, ಇಲ್ಲೇ. ಮೊಮ್ಮಗಳು 2001ರಲ್ಲಿ ಹುಟ್ಟಿ, ಈಗ ಬೆಂಗಳೂರಿನಲ್ಲಿ ನರ್ಸ್ ಆಗಿದ್ದಾರೆ. ಮಗ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ತೆರೆದು, ಅಂಚು ಸವೆದ ನೋಂದಣಿ ಪ್ರಮಾಣಪತ್ರಗಳನ್ನೂ ಹಳದಿ ಹೊದಿಕೆಯ ಗುರುತಿನ ಪುಸ್ತಕವನ್ನೂ ತಮ್ಮ ಆಡಳಿತದ ಹಸಿರು ಪುಸ್ತಕಗಳನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. “ಎಲ್ಲಾ ಲೆಕ್ಕದಲ್ಲೂ ನಾವಿದ್ದೀವಿ ಮೇಡಂ, ಆದರೆ ಒಂದೊಂದರಲ್ಲಿ ಒಂದೊಂದು ಥರ ಇದ್ದೀವಿ” ಎಂದರು.

ಆ ಮಾತು ಅಕ್ಷರಶಃ ಸತ್ಯವಾಗಿತ್ತು. ಗೃಹ ಸಚಿವಾಲಯಕ್ಕೆ ಮೂವರೂ ನಿರಾಶ್ರಿತರು. ಜನಗಣತಿಯಲ್ಲಿ ಹುಟ್ಟಿದ ಸ್ಥಳದ ಆಧಾರದ ಮೇಲೆ ಎಣಿಸಿದರೆ ಅಜ್ಜಿ ಮಾತ್ರ ಹೊರದೇಶದಿಂದ ಬಂದವರು. ಮೊಮ್ಮಗಳು ಮೈಸೂರು ಜಿಲ್ಲೆಯಿಂದ ಬೆಂಗಳೂರಿಗೆ ಹೋದ ಒಳನಾಡಿನ ವಲಸಿಗರು. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರಾದ್ದರಿಂದ ಮಗ ಭಾರತೀಯ ಪೌರರು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟ್ ಟಿಬೆಟನ್ನರ ವಿಷಯದಲ್ಲಿ ಇದನ್ನು ಸ್ಪಷ್ಟಪಡಿಸಿವೆ. ತಂದೆ ಪೌರರಾಗಿರುವುದರಿಂದ ಮಗಳೂ ಅದೇ ಹಕ್ಕನ್ನು ಕೇಳಬಹುದು. ಒಂದೇ ಸೂರಿನಡಿಯ ಮೂವರನ್ನು ಮೂರು ಕೋಷ್ಟಕಗಳು ಮೂರು ರೀತಿಯಲ್ಲಿ ಹಂಚಿಕೊಂಡಿದ್ದವು, ಮತ್ತು ಯಾವ ಕೋಷ್ಟಕವೂ ತಪ್ಪಾಗಿರಲಿಲ್ಲ. ‘ಪೌರತ್ವವಿಲ್ಲದೆ’ ಎಂದು ನಾನು ಬರೆದುಕೊಂಡಿದ್ದ ವಾಕ್ಯವನ್ನು ಮೊದಲ ಸಲ ತಿದ್ದಿದ್ದು ಆ ರಾತ್ರಿ: ‘ನಿರಾಶ್ರಿತರೆಂದು ನೋಂದಣಿಯಾಗಿರುವವರು’ ಎಂದು ಬರೆದೆ.

ಸ್ಥಳಕ್ಕೆ ಹೋಗದಿದ್ದರೆ ತಿಳಿಯದ ಸಂಗತಿಗಳು ಇನ್ನೂ ಇದ್ದವು. ಸೆರಾ ಮತ್ತು ನಾಮ್ಡ್ರೋಲಿಂಗ್ ಮಠಗಳಲ್ಲಿ ಓದುವ ಸಾವಿರಾರು ಭಿಕ್ಷುಗಳಲ್ಲಿ ಲಡಾಖ್, ಸ್ಪಿತಿ, ಅರುಣಾಚಲಗಳ ಹುಡುಗರಿದ್ದಾರೆ, ನೇಪಾಳ ಮತ್ತು ಭೂತಾನಿನವರೂ ಇದ್ದಾರೆ. ಕೆಂಪು ವಸ್ತ್ರ ಕಂಡವರನ್ನೆಲ್ಲ ನಿರಾಶ್ರಿತರೆಂದು ಎಣಿಸಿದ ಕೆಲವು ವಿದ್ಯಾರ್ಥಿ ವರದಿಗಳನ್ನು ನಾನೇ ಹಿಂದೆ ಒಪ್ಪಿಕೊಂಡಿದ್ದೇನೆ ಎಂಬುದು ನೆನಪಾಗಿ ಬೇಸರವಾಯಿತು. ಚಳಿಗಾಲದಲ್ಲಿ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆಂದು ಬೇರೆ ಬೇರೆ ನಗರಗಳಿಗೆ ಹೊರಟು ಟಿಬೆಟನ್ನರ ಹೊಸ ವರ್ಷವಾದ ಲೋಸರ್ ಹಬ್ಬದ ಹೊತ್ತಿಗೆ ಮರಳುವುದರಿಂದ, ಡಿಸೆಂಬರಿನಲ್ಲಿ ಮನೆಮನೆ ಸಮೀಕ್ಷೆ ಮಾಡಿದವರಿಗೆ ಬೀಗ ಹಾಕಿದ ಬಾಗಿಲುಗಳೇ ಹೆಚ್ಚು ಸಿಗುತ್ತವೆ. 2008ರ ಅನಂತರ ಟಿಬೆಟ್‌ನಿಂದ ಹೊಸದಾಗಿ ಬರುವವರು ತೀರಾ ಕಡಿಮೆಯಾದದ್ದೂ, ಯುವಜನರು ಅಮೆರಿಕ, ಕೆನಡಾ, ಯೂರೋಪುಗಳತ್ತ ಹೋದದ್ದೂ ಸಂಖ್ಯೆ ಇಳಿಯಲು ನಿಜವಾದ ಕಾರಣಗಳು. ಆದರೆ ಇಳಿಕೆಯಲ್ಲಿ ನಿರ್ಗಮನದ ಪಾಲೆಷ್ಟು, ಹಳೆಯ ಪಟ್ಟಿಯ ಪರಿಷ್ಕರಣೆಯ ಪಾಲೆಷ್ಟು ಎಂಬುದನ್ನು ವರದಿಯ ಒಂದು ಸಾಲಿನಿಂದ ಬಿಡಿಸಲಾಗದು. ಆದ್ದರಿಂದ ‘ಅರ್ಧಕ್ಕರ್ಧ ಜನ ಊರು ಬಿಟ್ಟರು’ ಎಂದು ನಾನು ಬರೆಯಲಿಲ್ಲ.

ಜನಗಣತಿಯ ವಲಸೆ ಕೋಷ್ಟಕಗಳನ್ನು ಡಿ ಸರಣಿ ಎನ್ನುತ್ತಾರೆ. 2011ರ ಗಣತಿಯ ಈ ಕೋಷ್ಟಕಗಳು ಪೂರ್ಣವಾಗಿ ಹೊರಬರಲು 2019 ಆಯಿತು. ಅದರ ಪ್ರಕಾರ ಹಿಂದಿನ ವಾಸಸ್ಥಳ ಭಾರತದ ಹೊರಗೆ ಎಂದವರು ಸುಮಾರು 55 ಲಕ್ಷ, ಅವರಲ್ಲಿ 23 ಲಕ್ಷ ಮಂದಿ ಬಾಂಗ್ಲಾದೇಶವನ್ನೂ ಸುಮಾರು 7 ಲಕ್ಷ ಮಂದಿ ಪಾಕಿಸ್ತಾನವನ್ನೂ ಹೆಸರಿಸಿದ್ದರು. ವಲಸೆಗೆ ಕಾರಣವನ್ನು ಕೇಳುವಾಗ ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆ ಎಂಬ ಆಯ್ಕೆಗಳಿವೆಯೇ ಹೊರತು ಆಶ್ರಯ ಬಯಸಿ ಬಂದೆ ಎಂಬ ಆಯ್ಕೆ ಇಲ್ಲ. ವಿಭಜನೆಯ ಕಾಲದಲ್ಲಿ ಬಂದು ಎಪ್ಪತ್ತು ವರ್ಷಗಳಿಂದ ಮತ ಹಾಕುತ್ತಿರುವ ವೃದ್ಧರೂ ಈ ಸಂಖ್ಯೆಯೊಳಗಿದ್ದಾರೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವಲಸಿಗರ ಅಂದಾಜು ಕೂಡ ಬಹುಮಟ್ಟಿಗೆ ಇಂಥ ಜನಗಣತಿಗಳನ್ನೇ ಆಧರಿಸಿದೆ. 2024ಕ್ಕೆ ಜಗತ್ತಿನಲ್ಲಿ 30.4 ಕೋಟಿ ವಲಸಿಗರು ಎಂಬುದು ಹುಟ್ಟಿದ ದೇಶದ ಹೊರಗೆ ಬದುಕುತ್ತಿರುವವರ ಲೆಕ್ಕ. ಒಂದು ವರ್ಷದಲ್ಲಿ ಗಡಿ ದಾಟಿದವರ ಲೆಕ್ಕವಲ್ಲ. ಕೆರೆಯಲ್ಲಿ ನಿಂತ ನೀರನ್ನೂ ತೂಬಿನಲ್ಲಿ ಹರಿಯುವ ನೀರನ್ನೂ ಬೇರೆ ಬೇರೆಯಾಗಿ ಅಳೆಯುವಂತೆ ಇವೆರಡನ್ನೂ ಬೇರೆಯಾಗಿಯೇ ನೋಡಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ.

ಸಂಸತ್ತಿನ ಪ್ರಶ್ನೋತ್ತರಗಳು ನನ್ನ ಪಾಲಿಗೆ ಬಹಳ ಉಪಯುಕ್ತವಾದ ಮೂಲ. ಪ್ರಶ್ನೆಯ ಸಂಖ್ಯೆ, ದಿನಾಂಕ, ರಾಜ್ಯವಾರು ಅನುಬಂಧ ಎಲ್ಲವೂ ಅಲ್ಲಿ ಸಿಗುತ್ತವೆ. ಆದರೂ ಸದನದಲ್ಲಿ ಹೇಳಿದ ಮಾತ್ರಕ್ಕೆ ಸಂಖ್ಯೆ ಗಟ್ಟಿಯಾಗುವುದಿಲ್ಲ. 2004ರ ಜುಲೈನಲ್ಲಿ ಗೃಹ ಖಾತೆಯ ರಾಜ್ಯ ಸಚಿವರು ದೇಶದಲ್ಲಿರುವ ಅಕ್ರಮ ಬಾಂಗ್ಲಾದೇಶೀಯರು 1,20,53,950 ಎಂದು ರಾಜ್ಯಸಭೆಗೆ ತಿಳಿಸಿದರು. ಕೆಲವೇ ದಿನಗಳಲ್ಲಿ, ಆ ಅಂಕಿ ಸಮಗ್ರ ಅಧ್ಯಯನದಿಂದ ಬಂದದ್ದಲ್ಲ, ನೆಚ್ಚಲು ತಕ್ಕದ್ದಲ್ಲ ಎಂದು ಸರ್ಕಾರವೇ ಹಿಂದೆ ಸರಿಯಿತು. 2016ರಲ್ಲಿ ಅದೇ ಸದನದಲ್ಲಿ 2 ಕೋಟಿ ಎಂಬ ಇನ್ನೊಂದು ಅಂಕಿ ಬಂತು. ಕದ್ದುಮುಚ್ಚಿ ಬರುವವರ ನಿಖರ ಲೆಕ್ಕ ಸಾಧ್ಯವಿಲ್ಲ ಎಂಬ ಉತ್ತರವೂ ಸರ್ಕಾರದ್ದೇ. ಕೊನೆಯ ಹತ್ತರವರೆಗೂ ಬಿಡಿಸಿ ಹೇಳಿದ ಸಂಖ್ಯೆಯನ್ನು ಕಂಡಾಗ ನಮಗೆ ಸಹಜವಾಗಿಯೇ ನಂಬಿಕೆ ಹುಟ್ಟುತ್ತದೆ, ಆದ್ದರಿಂದಲೇ ಅಲ್ಲಿ ಹೆಚ್ಚಿನ ಎಚ್ಚರ ಬೇಕು. ಈ ಎರಡು ಅಂಕಿಗಳ ಹಿಂದೆಮುಂದೆ ಹೇಳದೆ ಉದ್ಧರಿಸುವ ಲೇಖನವನ್ನು ನಾನು ಉಳಿದ ವಿಷಯಗಳಿಗೂ ಮೂಲವಾಗಿ ಬಳಸುವುದಿಲ್ಲ.

ತಾಲ್ಲೂಕುವಾರು ಲೆಕ್ಕಕ್ಕಾಗಿ ಮಾಹಿತಿ ಹಕ್ಕಿನಡಿ ಒಂದು ಜಿಲ್ಲಾ ಕಚೇರಿಗೆ ಅರ್ಜಿ ಹಾಕಿದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನಾನು ಎರಡು ವಿಷಯ ಕೇಳಿದ್ದರಿಂದ ಅದು ಮರಳಿ ಬಂತು. ಬಿಡಿಸಿ ಬರೆದ ಮೇಲೆ ಬಂದ ಉತ್ತರದಲ್ಲಿ ಸಂಖ್ಯೆ ಇತ್ತು, ಯಾವ ದಿನಾಂಕದ್ದು ಎಂದಿರಲಿಲ್ಲ, ಮಕ್ಕಳು ಸೇರಿದ್ದಾರೆಯೇ ಎಂದೂ ಇರಲಿಲ್ಲ. ಮೇಲ್ಮನವಿಯಲ್ಲಿ ಇವೆರಡನ್ನೇ ಕೇಳಿದೆ, ಉತ್ತರ ಬಂತು. ಆ ಎರಡು ಪ್ರಶ್ನೆಗಳನ್ನು ಮೊದಲ ಅರ್ಜಿಯಲ್ಲೇ ಸೇರಿಸಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಸಂಶೋಧನಾ ಪ್ರಬಂಧಗಳ ವಿಷಯದಲ್ಲಿ ನಾನು ನೋಡುವುದು ಮುಖ್ಯವಾಗಿ ಒಂದನ್ನೇ: ಮಾದರಿಯನ್ನು ಯಾವ ಪಟ್ಟಿಯಿಂದ ಆರಿಸಿದರು ಎಂಬುದನ್ನು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಿಂದ ಕೇರಳದ ಮನೆಗಳಲ್ಲಿ ಮತ್ತೆ ಮತ್ತೆ ನಡೆಸಿಕೊಂಡು ಬಂದ ವಲಸೆ ಸಮೀಕ್ಷೆ ನಂಬಿಕೆ ಗಳಿಸಿದ್ದು ಆ ಕಾರಣಕ್ಕೆ. ಅಲ್ಲಿ ಮನೆಗಳ ಆಯ್ಕೆಯ ಕ್ರಮ ಬಹಿರಂಗವಾಗಿದೆ, ಒಂದು ಸುತ್ತನ್ನು ಇನ್ನೊಂದರೊಡನೆ ಹೋಲಿಸಬಹುದು. ಪರಿಚಯದವರಿಂದ ಪರಿಚಯದವರನ್ನು ಹುಡುಕಿ ಮಾತನಾಡಿಸಿದ ಅಧ್ಯಯನಗಳು ಬದುಕನ್ನು ಅರಿಯಲು ಅಮೂಲ್ಯವೇ ಆದರೂ ಶೇಕಡಾವಾರು ಲೆಕ್ಕಕ್ಕೆ ಅವು ಆಗವು.

ನೋಟ್‌ಬುಕ್ಕಿನ ಮೊದಲ ಪುಟದ ಆ ವಾಕ್ಯವನ್ನು ಎರಡನೆಯ ಸಲ ತಿದ್ದಿಸಿದ್ದು ಸುಳ್ಯ. ಅಲ್ಲಿನ ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳನ್ನು ಶ್ರೀಲಂಕಾದ ನಿರಾಶ್ರಿತರೆಂದು ಬರೆದಿದ್ದ ಎರಡು ವರದಿಗಳು ನನ್ನ ಬಳಿ ಇದ್ದವು. ಆದರೆ ಅವರು ಬಂದದ್ದು 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಫಲವಾಗಿ, ಭಾರತದ ಪೌರತ್ವ ಪಡೆದು ಸ್ವದೇಶಕ್ಕೆ ಮರಳಿದವರೆಂಬ ನೆಲೆಯಲ್ಲಿ. 1983ರ ಅನಂತರ ಯುದ್ಧದಿಂದ ತಪ್ಪಿಸಿಕೊಂಡು ತಮಿಳುನಾಡಿನ ಶಿಬಿರಗಳನ್ನು ಸೇರಿದವರ ಕಥೆಯೇ ಬೇರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದರೆ ಪೌರರನ್ನು ಪರಕೀಯರನ್ನಾಗಿ ಮಾಡಿದಂತಾಗುತ್ತದೆ. ಇದು ಲೆಕ್ಕದ ತಪ್ಪಿಗಿಂತ ದೊಡ್ಡದು.

ಕೊನೆಗೆ ಕೈಪಿಡಿಯಲ್ಲಿ ಒಂದು ಸಂಖ್ಯೆಯ ಬದಲು ಒಂದು ಪುಟ್ಟ ಕೋಷ್ಟಕ ಅಚ್ಚಾಯಿತು: ಎಣಿಸಿದವರು ಯಾರು, ಯಾವ ದಾಖಲೆಯಿಂದ, ಯಾವ ದಿನಾಂಕಕ್ಕೆ, ಯಾರು ಸೇರಿಲ್ಲ. ಅದು ಕೈಸೇರಿದ ವಾರದಲ್ಲೇ ಸಿಂಧನೂರಿನಿಂದ ಒಬ್ಬ ಶಿಕ್ಷಕರು ಫೋನ್ ಮಾಡಿ, “ನಮ್ಮ ಆರ್.ಎಚ್. ಕ್ಯಾಂಪ್‌ಗಳು ಇದರಲ್ಲಿ ಎಲ್ಲಿವೆ ಮೇಡಂ?” ಎಂದು ಕೇಳಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವೇ ಜಮೀನು ಕೊಟ್ಟು ನೆಲೆಗೊಳಿಸಿದ ಆ ಕ್ಯಾಂಪ್‌ಗಳು ನನ್ನ ಮೂಲಗಳಲ್ಲಿ ಯಾವುದರ ಬಲೆಗೂ ಬಿದ್ದಿರಲಿಲ್ಲ. ಅವರು ಹೇಳಿದ್ದನ್ನು ಬರೆದುಕೊಂಡೆ. ಜನಗಣತಿಯ ಮಾತೃಭಾಷಾ ಕೋಷ್ಟಕದಲ್ಲಿ ರಾಯಚೂರು ಜಿಲ್ಲೆಯ ಬಂಗಾಳಿ ಸಾಲನ್ನೂ ಹಿಂದಿನ ಪುನರ್ವಸತಿ ಇಲಾಖೆಯ ವರದಿಗಳನ್ನೂ ಎದುರಿಗಿಟ್ಟುಕೊಂಡು ಎರಡನೆಯ ಮುದ್ರಣದ ಕೆಲಸವನ್ನು ಈಗ ಶುರು ಮಾಡಿದ್ದೇನೆ.